ಯಾರು ಕಂಡದ್ದು, ಯಾವಾಗ ಕಂಡದ್ದು

ಬೆನಿಟಾ ಉಗಾಲ್ಡೆ ಎದುರಿಗೆ ಬಂದವರ ಮುಖವನ್ನು ಮೊದಲು ನೋಡಿದ್ದನ್ನು ನಾನು ಕಂಡಿಲ್ಲ. ಕಿಟಕಿಯಾಚೆ ನಿಂತ ಅವರ ಕಾರಿನ ಟೈರುಗಳನ್ನು ನೋಡುತ್ತಿದ್ದರು. ಆಮೇಲೆ ಅವರ ಕಾಲಿನ ಬೂಟುಗಳನ್ನು. ಎರಡೂ ಒಪ್ಪಿಗೆಯಾದರೆ, ಮನಸ್ಸು ಬಂದರೆ, ಕಣ್ಣೆತ್ತಿ ಮುಖವನ್ನು. ಟೈರು ಸವೆದಿದ್ದರೆ ಮುಖದವರೆಗೆ ಹೋಗುತ್ತಲೇ ಇರಲಿಲ್ಲ, "ಮೊದಲು ಅದನ್ನ ಬದಲಾಯಿಸ್ಕೊಂಡು ಬನ್ನಿ, ಆಮೇಲೆ ದಾರಿ ಮಾತಾಡೋಣ" ಎಂದು ಬೂಟಿಗೇ ಹೇಳಿ ಕಳಿಸುತ್ತಿದ್ದರು.

ಪೂರ್ವ ಆರೆಗಾನಿನ ಒಣ ಬಯಲಿನಲ್ಲಿ ಮೂರು ಹೆದ್ದಾರಿಗಳು ಬಂದು ಕೂಡುವ ಟೆನೆಂಟ್ ನಮ್ಮೂರು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಮುಂದಿನ ಪೆಟ್ರೋಲ್ ಬಂಕಿಗೆ ಎರಡು ಗಂಟೆಯ ದಾರಿಯಾದ್ದರಿಂದ, ದೇಶ ಸುತ್ತಲು ಹೊರಟವರು ಅಲ್ಲಿ ನಿಲ್ಲಲೇಬೇಕು; ನಿಂತವರು ಮುಂದಿನ ದಾರಿ ವಿಚಾರಿಸಲೇಬೇಕು; ವಿಚಾರಿಸುವವರು ಬೆನಿಟಾ ಅವರ ಮಾಹಿತಿ ಕೋಣೆಗೆ ಬರಲೇಬೇಕು. ಆ ಕೋಣೆಯಲ್ಲಿ ಆಕೆ ಮೂವತ್ತನಾಲ್ಕು ವರ್ಷ ಕೂತಿದ್ದರು. ಅದೇ ಕಟ್ಟಡದ ಇನ್ನರ್ಧ ನನ್ನ ವಾರಪತ್ರಿಕೆಯ ಕಚೇರಿ. ನಡುವೆ ಇದ್ದದ್ದು ತೆಳ್ಳನೆಯ ಹಲಗೆಯ ಗೋಡೆ. ಆಕೆಯ ಮಾತನ್ನು ನಾನು ಕದ್ದು ಕೇಳಿದೆ ಎನ್ನುವುದಕ್ಕಿಂತ, ಕೇಳದೆ ಇರಲು ಉಪಾಯವಿರಲಿಲ್ಲ ಎನ್ನುವುದೇ ಸರಿ.

ಆಕೆ ಬಾಸ್ಕ್ ಕುರಿಗಾಹಿಯೊಬ್ಬರ ಮಗಳು. ತಂದೆ ಸ್ಪೇನಿನ ಬೆಟ್ಟಗಳಿಂದ ಬಂದು ನಮ್ಮ ಬಯಲಿನಲ್ಲಿ ನಲವತ್ತು ವರ್ಷ ಕುರಿ ಕಾಯ್ದವರು. ಅವರು ಬಿಟ್ಟುಹೋದದ್ದು ಕುರಿಚರ್ಮದ ಒಳಪದರವಿದ್ದ ಒಂದು ಕೋಟು, ಮತ್ತು ಬಯಲಿನುದ್ದಕ್ಕೂ ಅವರು ಪೇರಿಸಿಟ್ಟ ಕಲ್ಲುಗುಪ್ಪೆಗಳು. ಮರವಿಲ್ಲದ, ಗುರುತಿಲ್ಲದ ಆ ನೆಲದಲ್ಲಿ ಹಿಂದೆ ಬರುವವರಿಗೆ ದಾರಿ ತಪ್ಪದಿರಲೆಂದು ಆಳೆತ್ತರಕ್ಕೆ ಪೇರಿಸಿದ ಆ ಗುಪ್ಪೆಗಳನ್ನು ಅವರ ಜನ 'ಕಲ್ಲುಹುಡುಗರು' ಎನ್ನುತ್ತಾರೆ. ಗುಪ್ಪೆಗಳನ್ನು ಮಗಳು ನೋಡಿರಲಿಲ್ಲ. ಕೋಟನ್ನು ಮಾತ್ರ ಜುಲೈ ತಿಂಗಳ ಉರಿಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. "ಚಳಿಗಲ್ಲ ಕಣೋ ಪೇಪರಿನವನೇ, ಜೇಬಿಗೆ" ಎಂದು ನನಗೊಮ್ಮೆ ಸಮಜಾಯಿಷಿ ಕೊಟ್ಟಿದ್ದರು. ಎಡಜೇಬಿನಲ್ಲಿ ನಕಾಶೆಯ ಮೇಲೆ ದಾರಿ ಬಳಿಯುವ ಹಳದಿ ಪೆನ್ನುಗಳು, ಬಲಜೇಬಿನಲ್ಲಿ ಒಂದು ನೀಲಿ ಪೆನ್ಸಿಲು, ಒಳಜೇಬಿನಲ್ಲಿ ಅಂಚೆಚೀಟಿ ಹಚ್ಚಿದ ಕಾರ್ಡುಗಳು. ನಡಿಗೆಯೂ ಅಷ್ಟೇ ವಿಲಕ್ಷಣ: ಹೆಜ್ಜೆಯೊಂದು ಇನ್ನೊಂದಕ್ಕಿಂತ ಬೆರಳಗಲವೂ ಉದ್ದವಿಲ್ಲದಂತೆ, ತುಟಿಯಲ್ಲೇ ಎಣಿಸುತ್ತ, ನೆಲವನ್ನು ಅಳೆಯಲು ಯಾರೋ ನೇಮಿಸಿದ್ದಾರೆಂಬಂತೆ ನಡೆಯುತ್ತಿದ್ದರು.

ಯುಕಾನಿನ ಹಿಮದಿಂದ ಮೆಕ್ಸಿಕೋದ ಗಡಿಯವರೆಗೆ ಇಡೀ ಖಂಡ ಆಕೆಯ ತಲೆಯಲ್ಲಿತ್ತು. ಸ್ವತಃ ಹೋದದ್ದು ಮಾತ್ರ ಅರವತ್ತು ಮೈಲಿ ದೂರದ ಹಲ್ಲಿನ ವೈದ್ಯರವರೆಗೆ. ಜನ ಕೇಳುತ್ತಿದ್ದದ್ದು ನೋಡತಕ್ಕ ಸ್ಥಳಗಳು ಯಾವುವೆಂದು. ಆಕೆ ಹೇಳುತ್ತಿದ್ದದ್ದು, ಮುಂದಿನ ಬಂಕಿನವನು ಭಾನುವಾರ ಚರ್ಚಿಗೆ ಹೋಗುವುದರಿಂದ ಹನ್ನೆರಡರ ತನಕ ಪೆಟ್ರೋಲಿಲ್ಲವೆಂದು, ಸೌದೆಯನ್ನು ಇಲ್ಲಿಂದ ಹೊತ್ತುಕೊಂಡು ಹೋದರೆ ಜೊತೆಗೆ ಮರ ಕೊರೆಯುವ ಹುಳವೂ ಹೋಗುವುದರಿಂದ ಕೊಂಡಲ್ಲೇ ಸುಡಬೇಕೆಂದು, ಕಿತ್ತಳೆಹಣ್ಣನ್ನು ರಾಜ್ಯದ ಗಡಿಯ ತಪಾಸಣೆಯವರು ಕಿತ್ತುಕೊಳ್ಳುವ ಮುಂಚೆ ತಿಂದು ಮುಗಿಸಬೇಕೆಂದು. ಒಹಾಯೋದಿಂದ ಹೊರಟು ಅಲಾಸ್ಕಾಕ್ಕೆ ಹೋಗುತ್ತಿದ್ದ ದಂಪತಿಗಳ ಕೈಯಲ್ಲಿ ಡಿಕ್ಕಿ ತೆಗೆಸಿ, ಹಾಸಿಗೆ-ಒಲೆ-ಕುರ್ಚಿಗಳನ್ನೆಲ್ಲ ಬೀದಿಯಲ್ಲಿ ಇಳಿಸುವಂತೆ ಮಾಡಿ, ತಳದಲ್ಲಿದ್ದ ಹೆಚ್ಚುವರಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಇದನ್ನ ಕೊನೇ ಸಲ ನೋಡಿದ್ದು ಯಾವಾಗ?" ಎಂದಿದ್ದರು. ಗಂಡ ಹೆಂಡತಿಯ ಮುಖ ನೋಡಿ, "ಕಾರು ಕೊಂಡಾಗ" ಎಂದ. ಅದರಲ್ಲಿ ಗಾಳಿಯೇ ಇರಲಿಲ್ಲ.

ಆಕೆಯ ಪ್ರಶ್ನೆಗಳು ಎರಡೇ. ಯಾರು ಏನು ಹೇಳಿದರೂ, ಸೇತುವೆ ಮುರಿದಿದೆ ಎನ್ನಲಿ, ಹೊಸ ಹೋಟೆಲು ತೆರೆದಿದೆ ಎನ್ನಲಿ, "ಯಾರು ಕಂಡದ್ದು? ಯಾವಾಗ ಕಂಡದ್ದು?" ಎಂದು ಕೇಳುತ್ತಿದ್ದರು. ಎರಡಕ್ಕೂ ಉತ್ತರವಿಲ್ಲದ ಸುದ್ದಿ ಆಕೆಯ ಪಾಲಿಗೆ ಸುದ್ದಿಯೇ ಅಲ್ಲ. ಹುಡುಗನೊಬ್ಬ ತನ್ನ ಫೋನನ್ನು ಆಕೆಯ ಮೂಗಿನ ಹತ್ತಿರ ಹಿಡಿದು, ಅದರೊಳಗಿನ ಹೆಣ್ಣುದನಿ ಹೇಳುವ ಅಡ್ಡದಾರಿಯಲ್ಲಿ ಒಂದೂವರೆ ಗಂಟೆ ಉಳಿಯುತ್ತದೆಂದು ವಾದಿಸಿದಾಗ ಆಕೆ ಬಹಳ ಹೊತ್ತು ಆ ಫೋನನ್ನೇ ನೋಡಿದರು.

"ಈ ಹುಡುಗಿ ಆ ದಾರೀಲಿ ಹೋಗಿ ಬಂದಿದ್ದಾಳಾ?"

"ಇವಳು ಹುಡುಗಿ ಅಲ್ಲಮ್ಮ, ಬರೀ ದನಿ."

"ಹಾಗಾದ್ರೆ ಅವಳಿಗೆ ಬಾಯಾರಿಕೆ ಆಗಲ್ಲ. ನಿನಗಾಗುತ್ತೆ" ಎಂದು ಅವನ ನಕಾಶೆಯ ಮೇಲೆ ಸುತ್ತುದಾರಿಗೆ ಹಳದಿ ಬಳಿದರು.

ಆಕೆಯ ಸುದ್ದಿಯೆಲ್ಲ ಬರುತ್ತಿದ್ದದ್ದು ಕಾರ್ಡುಗಳಿಂದ. ಕೋಣೆಗೆ ಬಂದ ಪ್ರತಿಯೊಬ್ಬರಿಗೂ ನಕಾಶೆಯ ಜೊತೆ ಒಂದು ಕಾರ್ಡು ಕೊಡುವುದು ಅಲ್ಲಿನ ರೂಢಿ. ಹೋದವರು ಆಚೆ ತುದಿ ತಲುಪಿದ ಮೇಲೆ ದಾರಿ ಹೇಗಿತ್ತು, ನೀರೆಲ್ಲಿತ್ತು ಎಂದು ಎರಡು ಸಾಲು ಬರೆದು ಅಂಚೆ ಡಬ್ಬಿಗೆ ಹಾಕಬೇಕು. ಬಂದ ಕಾರ್ಡನ್ನು ಆಕೆ ಗೋಡೆಯ ದೊಡ್ಡ ನಕಾಶೆಯಲ್ಲಿ ಆಯಾ ಜಾಗಕ್ಕೆ ಚುಚ್ಚುತ್ತಿದ್ದರು, ಮೂವತ್ತು ದಿನವಾದ ಕೂಡಲೇ ಕಿತ್ತುಹಾಕುತ್ತಿದ್ದರು. ಇಷ್ಟು ಅಚ್ಚುಕಟ್ಟಿನ ಹೆಂಗಸು ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಮರುದಿನ ಹಂಚಬೇಕಾದ ನಕಾಶೆಗಳ ಕಟ್ಟನ್ನು ಬಿಚ್ಚಿ, ಒಂದೊಂದನ್ನೂ ಮೇಜಿನ ಮೇಲೆ ಹರವಿ, ಟೆನೆಂಟಿನ ದಕ್ಷಿಣಕ್ಕೆ ಕೂದಲೆಳೆಯಷ್ಟು ತೆಳ್ಳಗೆ ಅಚ್ಚಾಗಿದ್ದ ಸ್ಟಿಲ್‌ಮನ್ ರಸ್ತೆ ಎಂಬ ಗೆರೆಯನ್ನು ನೀಲಿ ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು. ದಿನಕ್ಕೆ ನಲವತ್ತು, ಐವತ್ತು ನಕಾಶೆ. ಗೋಡೆಯಾಚೆಯಿಂದ ಆ ಪೆನ್ಸಿಲಿನ ಗೀಚು ಸದ್ದು ಕೇಳುತ್ತ ಕೇಳುತ್ತ ನಾನು ಎಷ್ಟೋ ಸಂಪಾದಕೀಯ ಬರೆದಿದ್ದೇನೆ. ರಸ್ತೆ ಸರ್ಕಾರದ್ದು, ತೆರೆದೇ ಇದೆ, ಹೊಡೆದುಹಾಕಲು ನೀವ್ಯಾರು ಎಂದು ಮೇಲಿನವರು ಎರಡು ಸಲ ಕಾಗದ ಬರೆದರು. ಆಕೆ ಆ ಕಾಗದಗಳ ಹಿಂಬದಿಯಲ್ಲಿ ಪೆನ್ಸಿಲಿನ ಮೊನೆ ಸರಿಮಾಡಿಕೊಂಡರು.

ಇದರ ಹಿಂದಿನ ಕಥೆ ನಾನು ಈ ಊರಿಗೆ ಬರುವುದಕ್ಕೂ ಐದು ವರ್ಷ ಮುಂಚಿನದು. ತೊಂಬತ್ತೊಂದರ ಜೂನ್ ತಿಂಗಳಲ್ಲಿ ಅಯೋವಾದಿಂದ ಆರ್ವಲ್ ಪ್ರೂಯಿಟ್ ಎಂಬ ನಿವೃತ್ತ ಅಂಚೆಯವರು ಹೆಂಡತಿ ಲಿಯೋನಾ ಅವರೊಂದಿಗೆ ಬಂದಿದ್ದರು. ಮಾತುಗಾರ ಮನುಷ್ಯ. ಕಾರ್ಡಿನ ರೂಢಿ ಕೇಳಿ ಖುಷಿಯಾಗಿ, ಒಂದಲ್ಲ, ಒಂದು ಇಡೀ ಕಟ್ಟನ್ನೇ ಕೇಳಿ ತೆಗೆದುಕೊಂಡರಂತೆ. "ಮೂವತ್ತೈದು ವರ್ಷ ಬೇರೆಯವರ ಕಾಗದ ಹೊತ್ತೆ, ಇನ್ನು ನಂದೇ ಬರೀತೀನಿ" ಎಂದಿದ್ದರಂತೆ. ಸ್ಟಿಲ್‌ಮನ್ ರಸ್ತೆಯಲ್ಲಿ ಹೋಗಬಹುದೇ ಎಂದು ಕೇಳಿದರು. ಗೋಡೆಯ ಮೇಲೆ ಕಾರ್ಡಿತ್ತು: ಜೂನ್ ನಾಲ್ಕು, ದಾರಿ ಒಣಗಿದೆ, ಮೂವತ್ತೊಂದನೇ ಮೈಲಿಯ ಬುಗ್ಗೆಯಲ್ಲಿ ನೀರಿದೆ. ಅಂದು ಜೂನ್ ಆರು. ಬೆನಿಟಾ ಆ ತೆಳುಗೆರೆಗೆ ಹಳದಿ ಬಳಿದುಕೊಟ್ಟರು.

ಕಾರ್ಡು ಹಿಂದಿನ ವರ್ಷದ್ದಾಗಿತ್ತು. ಮೇಲೆ ಚುಚ್ಚಿದ್ದ ಬೇರೊಂದರ ಅಡಿ ಸಿಕ್ಕಿಕೊಂಡು ಉಳಿದುಬಿಟ್ಟಿತ್ತು, ಮೇಲಿನದನ್ನು ತೆಗೆದಾಗ ಹೊಸದರಂತೆ ಹೊರಬಂದಿತ್ತು. ಮೂವತ್ತು ದಿನದ ಆಯಸ್ಸಿನ ಕಾರ್ಡಿಗೆ ಇಸವಿ ಬರೆಯುವ ಪದ್ಧತಿಯೇ ಆಗ ಇರಲಿಲ್ಲ. ಆ ವರ್ಷ ದಾರಿ ಒಣಗಿರಲಿಲ್ಲ, ಬುಗ್ಗೆಯಲ್ಲಿ ನೀರೂ ಇರಲಿಲ್ಲ. ಇಪ್ಪತ್ತೆಂಟನೇ ಮೈಲಿಯಲ್ಲಿ ಕಾರು ಬಿಳಿಮಣ್ಣಿನ ಕೆಸರಿಗೆ ಅಚ್ಚಿನವರೆಗೆ ಇಳಿಯಿತು. ಎರಡು ದಿನ ಕಾದು, ಕುಡಿಯುವ ನೀರು ಮುಗಿದ ಮೇಲೆ, ಬುಗ್ಗೆ ಮೂರೇ ಮೈಲಿಯಲ್ಲವೇ ಎಂದು ಆರ್ವಲ್ ಕ್ಯಾನು ಹಿಡಿದು ನಡೆದುಹೋದರು. ಆರನೇ ದಿನ ರಸ್ತೆ ಕೆಲಸದವರಿಗೆ ಕಾರಿನಲ್ಲಿ ಲಿಯೋನಾ ಸಿಕ್ಕರು, ಡಬ್ಬಿಯ ಪೀಚ್ ಹಣ್ಣಿನ ರಸ ಕುಡಿದು ಜೀವ ಹಿಡಿದಿದ್ದರು. ಆರ್ವಲ್ ಸಿಗಲಿಲ್ಲ. ಎರಡು ವಾರ ಹುಡುಕಿದರೂ ಅವರಾಗಲಿ, ಕ್ಯಾನಾಗಲಿ, ಕಾರ್ಡಿನ ಕಟ್ಟಾಗಲಿ ಸಿಗಲಿಲ್ಲ. ಊರಿಗೆ ಹೊರಡುವ ಮುಂಚೆ ಲಿಯೋನಾ ಮಾಹಿತಿ ಕೋಣೆಗೆ ಬಂದು ಬೆಂಚಿನ ಮೇಲೆ ಕೂತು, ಬೈಯದೆ, ಅಳದೆ ಒಂದು ಮಾತು ಕೇಳಿದರು: "ಅಲ್ಲಿ ನೀರಿದೆ ಅಂತ ಹೇಳಿದ್ರಲ್ಲ. ಯಾರು ಕಂಡದ್ದು? ಯಾವಾಗ ಕಂಡದ್ದು?"

ಆ ಪ್ರಶ್ನೆಯನ್ನು ಬೆನಿಟಾ ಆಮೇಲೆ ತಮ್ಮದಾಗಿ ಮಾಡಿಕೊಂಡರು. ಎಲ್ಲರನ್ನೂ ಕೇಳುತ್ತ ಹೋದರು, ಕಾರ್ಡಿನ ಮೇಲೆ ಇಸವಿಗೊಂದು ಚೌಕ ಅಚ್ಚು ಹಾಕಿಸಿದರು.

ಮರುವರ್ಷ ಜೂನಿನಲ್ಲಿ ಒಂದು ಕಾರ್ಡು ಬಂತು. ಚೌಕವಿಲ್ಲದ ಹಳೆಯ ಅಚ್ಚಿನದು, ಅಂಚೆಚೀಟಿಯೂ ಹಳೆಯದು, ಅಂಚಿಗೆಲ್ಲ ಬಿಳಿಧೂಳು. ನೆಟ್ಟಗೆ ನಿಂತ ದಪ್ಪ ಅಕ್ಷರಗಳಲ್ಲಿ: 'ಸ್ಟಿಲ್‌ಮನ್ ರಸ್ತೆ. ಮೂವತ್ತೊಂದನೇ ಮೈಲಿ. ನೀರಿಲ್ಲ.' ಕೆಳಗೆ ತಾರೀಕು, ಇಸವಿ ಪೂರ್ತಿಯಾಗಿ. ಕಂಡವರ ಹೆಸರಿನ ಜಾಗ ಖಾಲಿ. ಅದರ ಮರುವರ್ಷವೂ ಬಂತು. ಪ್ರತಿ ಜೂನಿನಲ್ಲೂ ಬಂತು. ನಾನು ಟೆನೆಂಟಿಗೆ ಬಂದ ವರ್ಷದಿಂದ ಪ್ರತಿಯೊಂದನ್ನೂ ನಾನೇ ನೋಡಿದ್ದೇನೆ. ಬೆನಿಟಾ ಅದನ್ನು ಗೋಡೆಗೆ ಚುಚ್ಚುತ್ತಿರಲಿಲ್ಲ. ಕಾರ್ಡನ್ನು ಬಟ್ಟಲಿನ ಅಂಚಿಗೆ ತಟ್ಟಿ ಧೂಳನ್ನು ಉದುರಿಸಿ, ಮೇಜಿನ ಕೆಳಖಾನೆಯಲ್ಲಿ ಇಡುತ್ತಿದ್ದರು. ಬೇಸಿಗೆಯಲ್ಲಿ ಆ ಕಡೆ ಹೋಗಿಬಂದ ದನಗಾಹಿಗಳನ್ನು ನಾನು ವಿಚಾರಿಸಿದ್ದುಂಟು. ಕಾರ್ಡು ಒಮ್ಮೆಯೂ ತಪ್ಪಾಗಿರಲಿಲ್ಲ.

ಪಾಪಪ್ರಜ್ಞೆಯಿಂದ ಆಕೆಯೇ ಬರೆದುಕೊಳ್ಳುತ್ತಾರೆಂದು ನಾನು ಮೊದಲು ಎಣಿಸಿದ್ದೆ. ಆದರೆ ಬೆನಿಟಾ ಅವರ ಅಕ್ಷರ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಬಲಕ್ಕೆ ಮಲಗಿರುತ್ತಿತ್ತು. ಲಿಯೋನಾ ಇರಬಹುದೆಂದರೆ, ಮುದ್ರೆ ನಮ್ಮೂರ ಅಂಚೆಕಚೇರಿಯದೇ. ಒಂದು ವರ್ಷ ನಾನು ಹಟಕ್ಕೆ ಬಿದ್ದು, ಜೂನಿನ ಮೊದಲ ವಾರವಿಡೀ ಅಂಚೆ ಡಬ್ಬಿಯ ಎದುರು ಕುರ್ಚಿ ಹಾಕಿಕೊಂಡು ಕೂತೆ. ಕೊನೆಯ ದಿನ ಬೆಳಿಗ್ಗೆ ಖಾಲಿ ಮಾಡಿದ್ದ ಡಬ್ಬಿಗೆ ಮೂವರು ಕಾಗದ ಹಾಕಿದ್ದನ್ನು ನೋಡಿದೆ. ಮೂವರೂ ನನಗೆ ಗೊತ್ತಿದ್ದವರು. ಮಧ್ಯಾಹ್ನ ಅಂಚೆಯಮ್ಮ ನನ್ನೆದುರೇ ಡಬ್ಬಿ ತೆಗೆದಳು. ಕಾಗದಗಳು ನಾಲ್ಕಿದ್ದವು. ನಾಲ್ಕನೆಯದನ್ನು ಎತ್ತಿಕೊಂಡಾಗ ಆಕೆಯ ಬೆರಳು ಬೆಳ್ಳಗಾಯಿತು. ನಾನು ಮನೆಗೆ ಹೋಗಿ ಕೈಕಾಲು ತೊಳೆದುಕೊಂಡೆ, ಆ ವಿಷಯ ಪತ್ರಿಕೆಯಲ್ಲಿ ಬರೆಯಲಿಲ್ಲ, ಬೆನಿಟಾ ಅವರಿಗೂ ಹೇಳಲಿಲ್ಲ. ನನಗೆ ಭಯವಾಗಿತ್ತು, ಅಷ್ಟೇ.

ಇಪ್ಪತ್ತೆರಡನೇ ಕಾರ್ಡು ಬಂದದ್ದು ಎರಡು ಸಾವಿರದ ಹದಿಮೂರರ ಜೂನ್ ಏಳರಂದು. ಬೆನಿಟಾ ಹಲಗೆ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ನನ್ನನ್ನು ಕರೆದರು. ಹಿಂದೆಂದೂ ಹಾಗೆ ಕರೆದವರಲ್ಲ. ಕಾರ್ಡನ್ನು ನನ್ನ ಕಡೆಗೆ ತಳ್ಳಿದರು. ಅದೇ ಅಕ್ಷರ, ಅದೇ ಧೂಳು. 'ದಾರಿ ಗಟ್ಟಿ. ಮೂವತ್ತೊಂದನೇ ಮೈಲಿ. ನೀರಿದೆ.'

"ಇಷ್ಟು ವರ್ಷ ಇಲ್ಲ, ಇಲ್ಲ ಅಂತಿದ್ದೋರು" ಎಂದರು ಬೆನಿಟಾ, ಮೆಲ್ಲಗೆ. "ಈಗ ಯಾಕೆ ಇದೆ ಅಂತಾರೆ?"

ಐದು ದಿನ ಕಳೆದ ಮೇಲೆ ಉತ್ತರ ತಾನಾಗಿ ಕಾರಿನಿಂದ ಇಳಿಯಿತು. ಎಂಬತ್ತು ವರ್ಷದ ಲಿಯೋನಾ, ಜೊತೆಗೆ ಕಾರು ನಡೆಸಲು ತಂಗಿಯ ಮಗಳು ಮಾರ್ಜೀನ್. ಅಂದು ಮಾತ್ರ ಬೆನಿಟಾ ಟೈರು ನೋಡಲಿಲ್ಲ. ಎದ್ದು ನಿಂತವರು ಹಾಗೇ ನಿಂತಿದ್ದರು.

"ಬೈಯೋಕೆ ಬಂದಿಲ್ಲಮ್ಮ, ಕೂತ್ಕೊಳ್ಳಿ" ಎಂದರು ಲಿಯೋನಾ. "ದಾರಿ ಕೇಳೋಕೆ ಬಂದಿದೀನಿ. ಅವರು ಹೋದ ಜಾಗಾನ ಒಂದ್ಸಲ ನೋಡ್ಬೇಕು. ಇನ್ನು ಮುಂದೂಡೋಕೆ ನನ್ನ ಹತ್ರ ವರ್ಷ ಇಲ್ಲ."

ಮಾರ್ಜೀನ್ ಬಾಗಿಲಲ್ಲೇ ಚಡಪಡಿಸುತ್ತಿದ್ದಳು. "ದೊಡ್ಡಮ್ಮ, ಫೋನಲ್ಲಿ ದಾರಿ ತೋರಿಸ್ತಾ ಇದೆ. ಇಲ್ಲಿ ಕೇಳೋದೇನಿದೆ? ಇವರೇ ಅಲ್ವಾ ಆವತ್ತು..."

"ಇವರೇ. ಆವತ್ತು ತೋರಿಸಿದ್ದು ಇವರೇ, ಇವತ್ತೂ ಇವರೇ ತೋರಿಸ್ಬೇಕು. ಇವರು ಬೇಡ ಅಂದ್ರೆ ವಾಪಸ್ ಹೋಗೋಣ."

ಬೆನಿಟಾ ಕೋಟಿನ ಜೇಬಿನಲ್ಲಿ ಕೈಯಿಟ್ಟು ಹಳದಿ ಪೆನ್ನನ್ನು ಹಿಡಿದಿದ್ದರು, ಹೊರಗೆ ತೆಗೆಯಲಾರದೆ ಹಿಡಿದೇ ಇದ್ದರು. ಬೇಡ ಎಂದರೆ ಆ ಮುದುಕಿ ಗಂಡ ಕಣ್ಮರೆಯಾದ ಮಣ್ಣನ್ನು ಕಾಣದೆ ಸಾಯುತ್ತಾರೆ. ಹೋಗಿ ಎಂದರೆ, ಹೇಳುವುದಕ್ಕೆ ಆಧಾರ ಆ ಒಂದು ಕಾರ್ಡು. ಕೊನೆಗೆ ಪೆನ್ನು ಬಿಟ್ಟು, ಬಗ್ಗಿ, ಕೆಳಖಾನೆಯಿಂದ ಇಪ್ಪತ್ತೆರಡನ್ನೂ ತೆಗೆದು ಮೇಜಿನ ಮೇಲೆ ಇಟ್ಟರು. ಲಿಯೋನಾ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ನಾನು ಬಾಗಿಲ ಕಂಬ ಹಿಡಿದಿದ್ದೆ, ಆಕೆ ಕಿರುಚುತ್ತಾರೆಂದುಕೊಂಡಿದ್ದೆ.

"ಏಳಕ್ಕೆ ಹೀಗೇ ಹೊಟ್ಟೇಲಿ ಅಡ್ಡಗೆರೆ ಹಾಕೋರು" ಎಂದರು ಲಿಯೋನಾ, ಬೆರಳಿನಿಂದ ಆ ಅಂಕಿಯನ್ನು ಸವರುತ್ತ. "ನಿವೃತ್ತಿ ಆದ್ರೂ ಕೆಲಸ ಬಿಡೋ ಜನ ಅಲ್ಲ ಅವರು."

"ಹೆಸರು ಹಾಕಿಲ್ಲ" ಎಂದರು ಬೆನಿಟಾ. "ಯಾರು ಕಂಡದ್ದು ಅಂತ ಬರೆದಿಲ್ಲ. ಹೆಸರಿಲ್ಲದ ಕಾರ್ಡಿನ ಮೇಲೆ ನಾನು ಯಾರನ್ನೂ ಕಳಿಸಲ್ಲ. ನಾಳೆ ಒಂದು ದಿನ ಕಾಯಿರಿ. ನಾನೇ ನೋಡ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆ ನನ್ನ ಟ್ರಕ್ಕಿನಲ್ಲಿ ಹೊರಟೆವು. ಆಕೆ ಮಡಿಲಲ್ಲಿ ನೀರಿನ ಕ್ಯಾನಿಟ್ಟುಕೊಂಡು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕೂತಿದ್ದರು. ಸ್ಟಿಲ್‌ಮನ್ ರಸ್ತೆ ಎನ್ನುವುದು ಬಯಲಿನಲ್ಲಿ ಎರಡು ಚಕ್ರದ ಗುರುತು, ಅಷ್ಟೇ. ಹಕ್ಕಿಯಿಲ್ಲ, ಬೇಲಿಯಿಲ್ಲ; ಹದಿನೈದು ಮೈಲಿಯಾದ ಮೇಲೆ ಟ್ರಕ್ಕಿನ ಸದ್ದೂ ನಮ್ಮದಲ್ಲ, ಹಿಂದೆ ಯಾರದೋ ಎನ್ನಿಸತೊಡಗಿತು. ನಾನು ಎರಡು ಸಲ ಕನ್ನಡಿಯಲ್ಲಿ ನೋಡಿದೆ. ದಿಬ್ಬಗಳ ನೆತ್ತಿಯ ಮೇಲೆ ಕಲ್ಲುಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತು ನಾವು ಹೋಗುವುದನ್ನು ನೋಡುತ್ತಿದ್ದರು. "ಅಪ್ಪ ಕಟ್ಟಿದ್ದು" ಎನ್ನುತ್ತಿದ್ದರು ಬೆನಿಟಾ ಪ್ರತಿಯೊಂದಕ್ಕೂ. "ಅಪ್ಪ ಹೀಗೇ ತಳಕ್ಕೆ ಚಪ್ಪಟೆ ಕಲ್ಲು ಇಡ್ತೀನಿ ಅಂತಿದ್ದ." ಅರವತ್ತೊಂಬತ್ತನೇ ವಯಸ್ಸಿನಲ್ಲಿ ತಂದೆಯ ಕೆಲಸವನ್ನು ಮೊದಲ ಸಲ ಕಾಣುತ್ತಿದ್ದ ಆಕೆಗಾಗಿ ನಾನು ಪ್ರತಿ ಗುಪ್ಪೆಯ ಬಳಿ ಟ್ರಕ್ಕನ್ನು ನಿಧಾನ ಮಾಡಿದೆ.

ಮೂವತ್ತೊಂದನೇ ಮೈಲಿಯಲ್ಲಿ ಟ್ರಕ್ಕು ನಿಲ್ಲಿಸಿದೆ. ದಾರಿ ಅಲ್ಲಿಯವರೆಗೂ ಗಟ್ಟಿಯಾಗಿತ್ತು. ಬಂಡೆಯ ಬುಡದಿಂದ ಕಲ್ಲಿನ ದೋಣಿಗೆ ನೀರು ಸಣ್ಣಗೆ, ಸದ್ದಿಲ್ಲದೆ ಇಳಿಯುತ್ತಿತ್ತು. ದೋಣಿ ತುಂಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಕಲ್ಲುಗುಪ್ಪೆ.

ಬೆನಿಟಾ ಅದರ ಸುತ್ತ ಒಂದು ಸುತ್ತು ಬಂದರು. "ಇದು ಅಪ್ಪ ಕಟ್ಟಿದ್ದಲ್ಲ."

ಅಲ್ಲವೆಂದು ನನಗೂ ಕಂಡಿತು. ಒಂದೇ ಅಳತೆಯ ಕಲ್ಲುಗಳನ್ನು ಆರಿಸಿ, ಅಂಚೆಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಿ ಜೋಡಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದರು. ಲೆಕ್ಕ ಹಾಕಿದೆ; ಇಪ್ಪತ್ತೆರಡು ಸಾಲುಗಳಿದ್ದವು. ಮೇಲಿನ ಸಾಲಿನ ಕಲ್ಲು ಹಸಿಯಾಗಿತ್ತು, ಈಗತಾನೇ ಒದ್ದೆ ಕೈಯಲ್ಲಿ ಇಟ್ಟ ಹಾಗೆ. ಸುತ್ತಲ ಕೆಸರಿನಲ್ಲಿ ಜಿಂಕೆಯ ಗೊರಸು ಬಿಟ್ಟರೆ ಬೇರೆ ಗುರುತಿಲ್ಲ. ಬೆನಿಟಾ ಆ ಕಲ್ಲನ್ನೆತ್ತಿದರು. ಕೆಳಗೆ ಒಂದು ಕಾರ್ಡಿತ್ತು, ಹಳೆಯ ಅಚ್ಚಿನದು, ಚೀಟಿ ಹಚ್ಚಿದ್ದು. ಏನೂ ಬರೆದಿರಲಿಲ್ಲ.

"ಹೋಗೋಣ" ಎಂದೆ. ನನಗೆ ಅಲ್ಲಿ ಒಂದು ಗಳಿಗೆಯೂ ನಿಲ್ಲಲಾಗುತ್ತಿರಲಿಲ್ಲ.

"ತಡಿಯೋ. ಕುಡಿದು ನೋಡದೆ ನೀರಿದೆ ಅಂತ ಹೆಂಗೆ ಹೇಳ್ಲಿ?" ಮೊಣಕಾಲೂರಿ, ಕೋಟಿನ ತೋಳು ನೆನೆಯುವುದನ್ನೂ ಗಮನಿಸದೆ ಬೊಗಸೆ ತುಂಬಿ ಕುಡಿದರು. ಆಮೇಲೆ ಹಾಗೇ ಕೂತು, ಮೂಗು ಒರೆಸಿಕೊಳ್ಳದೆ, ಮಕ್ಕಳು ಅಳುವಂತೆ ಅತ್ತರು.

ಅಂದು ಮಧ್ಯಾಹ್ನ ಕೋಣೆಯಲ್ಲಿ ನೀಲಿ ಗೆರೆಯಿಲ್ಲದ ನಕಾಶೆಯೊಂದನ್ನು ಹರವಿ, ಸ್ಟಿಲ್‌ಮನ್ ರಸ್ತೆಗೆ ಈ ತುದಿಯಿಂದ ಆ ತುದಿಗೆ ಹಳದಿ ಬಳಿದರು. ಅಂಚಿನಲ್ಲಿ, ಬಲಕ್ಕೆ ಮಲಗಿದ ಅಕ್ಷರಗಳಲ್ಲಿ, 'ಕಂಡದ್ದು: ಬೆನಿಟಾ ಉಗಾಲ್ಡೆ' ಎಂದು ಬರೆದು ತಾರೀಕು, ಇಸವಿ ಹಾಕಿದರು. ನಕಾಶೆಯ ಜೊತೆ, ಎಲ್ಲರಿಗೂ ಕೊಡುವಂತೆ, ಒಂದು ಕಾರ್ಡು. ಕಲ್ಲಿನ ಕೆಳಗೆ ಸಿಕ್ಕಿದ್ದ ಅದೇ ಕಾರ್ಡು. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ, ಲಿಯೋನಾ ಕೇಳಲೂ ಇಲ್ಲ. ಅಂಚಿನ ಬಿಳಿಧೂಳನ್ನು ನೋಡಿ, ಒರೆಸದೆ ಹಾಗೇ ಕೈಚೀಲದಲ್ಲಿ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಮಾರ್ಜೀನ್ ಸ್ಟಿಯರಿಂಗ್ ಹಿಂದೆ, ಪಕ್ಕದಲ್ಲಿ ಲಿಯೋನಾ. ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನುಗಳನ್ನು ನಾನೇ ಎತ್ತಿಟ್ಟಿದ್ದೆ. ಬೇರೆ ಯಾರೂ ಅಲ್ಲಿರಲಿಲ್ಲ.

ಒಂದು ವಾರ ಬೆನಿಟಾ ಸರಿಯಾಗಿ ಊಟ ಮಾಡಲಿಲ್ಲ. ಅಂಚೆಯ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಎಂಟನೇ ದಿನ ಕಾರ್ಡು ಬಂತು, ರಸ್ತೆಯ ಆಚೆ ತುದಿಯ ಊರಿನ ಮುದ್ರೆ ಹೊತ್ತು, ಮುದುಕಿಯ ಅಲುಗುವ ಅಕ್ಷರದಲ್ಲಿ: 'ಸ್ಟಿಲ್‌ಮನ್ ರಸ್ತೆ ಚೆನ್ನಾಗಿದೆ. ಮೂವತ್ತೊಂದನೇ ಮೈಲಿಯಲ್ಲಿ ನೀರು ಸಿಹಿ. ಮೂವರೂ ಕುಡಿದೆವು. ಕಂಡದ್ದು: ಲಿಯೋನಾ ಪ್ರೂಯಿಟ್.' ತಾರೀಕು, ಇಸವಿ.

ನಾನು ಮತ್ತೊಮ್ಮೆ ಓದಿದೆ. "ಹೋದವರು ಇಬ್ಬರಲ್ವಾ?" ಎಂದೆ.

ಯಾವ ಸುದ್ದಿಯನ್ನೂ ಎರಡು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳದಿದ್ದ ಬೆನಿಟಾ ನನ್ನ ಕೈಯಿಂದ ಕಾರ್ಡನ್ನು ತೆಗೆದುಕೊಂಡರು. ಒಂಬತ್ತು ಹೆಜ್ಜೆ ಎಣಿಸಿ ಗೋಡೆಯ ನಕಾಶೆಯ ಬಳಿಗೆ ಹೋದರು, ಇಪ್ಪತ್ತೆರಡು ವರ್ಷ ಬರಿದಾಗಿದ್ದ ಆ ತೆಳುಗೆರೆಯ ಮೇಲೆ ಅದನ್ನು ಚುಚ್ಚಿದರು. "ಕಂಡವರು ಬರೆದಿದ್ದಾರೆ ಕಣೋ" ಎಂದರು. ಮೂವತ್ತು ದಿನವಾದ ಮೇಲೂ ಅದನ್ನು ಕೀಳಲಿಲ್ಲ. ಮುಂದಿನ ಜೂನಿನಲ್ಲಿ ಬಿಳಿಧೂಳಿನ ಕಾರ್ಡು ಬರಲಿಲ್ಲ, ಆಮೇಲೆ ಯಾವ ಜೂನಿನಲ್ಲೂ ಬರಲಿಲ್ಲ.

ದಾರಿಯ ಬಾಯಲ್ಲಿ ಕೂತು ಬೇರೆಯವರನ್ನು ಕಳಿಸಿಕೊಡುವ ಇಂಥ ಜನ ಹಿಂದೆ ಎಲ್ಲ ಊರುಗಳಲ್ಲೂ ಇದ್ದರು. ಈಗ ದೂರವನ್ನೂ ಹೊತ್ತನ್ನೂ ಕ್ಷಣದಲ್ಲಿ ಹೇಳುವ ಯಂತ್ರಗಳಿವೆ, ಅವು ಹೇಳುವುದು ಬಹುಪಾಲು ನಿಜವೂ ಹೌದು. ಆದರೆ ತಾವು ತೋರಿಸಿದ ದಾರಿಯಲ್ಲಿ ಹೋದವರು ತಲುಪುವವರೆಗೆ ಊಟ ಸೇರದ ಜನ ಬೇರೆ. ಅವರು ಕೊಡುವ ಸುದ್ದಿಯಲ್ಲಿ ಮುಂಚೆ ಹೋದವನೊಬ್ಬನ ದಣಿವು, ಅವನ ಬಾಯಾರಿಕೆ, ಹಿಂದೆ ಬರುವವನಿಗೆ ಹಾಗಾಗದಿರಲೆಂದು ಅವನು ನಿಂತು ಕಲ್ಲಿನ ಮೇಲೆ ಕಲ್ಲಿಟ್ಟ ಹೊತ್ತು ಸೇರಿರುತ್ತದೆ. ಅಂಥವರು ಬದುಕಿರುವಾಗ ಆ ಕೆಲಸ ಬಿಡುವುದಿಲ್ಲ. ಆಮೇಲೂ ಬಿಡುತ್ತಾರೆಂದು ನಾನೀಗ ಖಂಡಿತವಾಗಿ ಹೇಳಲಾರೆ.